ಜಾಲ ಪ್ರಿಂಟರಿನ ಜೋಡಣೆ ಮತ್ತು ದೋಷ ಪರಿಹಾರ: ಮುಕ್ತ ತಂತ್ರಾಂಶದ ಗಣಕಯಂತ್ರದಲ್ಲಿ ಕನ್ನಡ ಮುದ್ರಣ

ಪೀಠಿಕೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ, ಅಂದಿನ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು ಮತ್ತು ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ಜಹೀರಾಬಾದ್ ಮತ್ತು ನಾರಾಯಣಖೇಡ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. ಗಡಿ ಬದಲಾದರೂ ಅನೇಕ ಊರುಗಳ ಮನೆಮಾತು ಕನ್ನಡವಾಗಿಯೇ ಉಳಿಯಿತು. ಅದೇ 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತ ಸಮುದಾಯದ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆ ನೀಡಲು ಸಾಕಷ್ಟು ಸೌಲಭ್ಯಗಳನ್ನು ಒದಗಿಸುವುದು ಪ್ರತಿ ರಾಜ್ಯದ ಪ್ರಯತ್ನವಾಗಿರಬೇಕೆಂದು ವಿಧಿಸುತ್ತದೆ.

ಸಂವಿಧಾನದ ಈ ಆಶಯವು ಮಗುವಿನ ಕೈಗೆ ಬರುವುದು ಪಠ್ಯಪುಸ್ತಕ, ಅಭ್ಯಾಸದ ಹಾಳೆ ಮತ್ತು ಪ್ರಶ್ನೆಪತ್ರಿಕೆಯ ರೂಪದಲ್ಲಿ. ರೂಪಣಾತ್ಮಕ ಮೌಲ್ಯಮಾಪನದ ಕಿರುಪರೀಕ್ಷೆಗೆ ಪ್ರಶ್ನೆಗಳನ್ನು ಶಿಕ್ಷಕರೇ ಸಿದ್ಧಪಡಿಸುತ್ತಾರೆ. ತೆಲುಗು ಮಾಧ್ಯಮದ ಶಿಕ್ಷಕರಿಗೆ ಶಾಲೆಯ ಪ್ರಿಂಟರ್ ಕೈಕೊಟ್ಟರೆ ಪೇಟೆಯ ಯಾವುದಾದರೂ ಡಿಟಿಪಿ ಅಂಗಡಿ ನೆರವಿಗೆ ಬರುತ್ತದೆ. ಕನ್ನಡದ ಪ್ರಶ್ನೆಪತ್ರಿಕೆಯನ್ನು ಅದೇ ಅಂಗಡಿಗೆ ಒಯ್ದರೆ, ಅಲ್ಲಿ ಕನ್ನಡದ ಫಾಂಟ್ ಇಲ್ಲದಿದ್ದಾಗ ಅಕ್ಷರಗಳ ಜಾಗದಲ್ಲಿ ಚೌಕಗಳು ಬರುತ್ತವೆ. ಇಲ್ಲವೇ ಬೀದರಕ್ಕೋ ಸೇಡಂಗೋ ಬಸ್ಸು ಹತ್ತಬೇಕಾಗುತ್ತದೆ. ಅದೂ ಆಗದಿದ್ದರೆ ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕಾಗುತ್ತದೆ. ಮಕ್ಕಳ ಅರ್ಧ ವೇಳೆ ಅದನ್ನು ನಕಲು ಮಾಡುವುದರಲ್ಲಿಯೇ ಕಳೆಯುತ್ತದೆ. ಆದುದರಿಂದ ಶಾಲೆಯ ಪ್ರಿಂಟರನ್ನು ತಾನೇ ಜೋಡಿಸಿ, ಅದು ನಿಂತಾಗ ಕಾರಣವನ್ನು ತಾನೇ ಕಂಡುಹಿಡಿಯುವ ಅರಿವು ಕನ್ನಡ ಮಾಧ್ಯಮದ ಶಿಕ್ಷಕರಿಗೆ ಇತರರಿಗಿಂತ ಹೆಚ್ಚು ಅವಶ್ಯಕವಾಗಿದೆ.

ಘಟಕದ ಉದ್ದೇಶಗಳು

ಈ ಘಟಕದ ಅಧ್ಯಯನದ ನಂತರ ಶಿಕ್ಷಕರು:
1. ಗಣಕಯಂತ್ರದಿಂದ ಕಾಗದದವರೆಗೆ ಅಕ್ಷರವು ಸಾಗುವ ದಾರಿಯನ್ನು ವಿವರಿಸುವರು.
2. ಮುಕ್ತ ತಂತ್ರಾಂಶದ ಗಣಕಯಂತ್ರಕ್ಕೆ ಜಾಲ ಪ್ರಿಂಟರನ್ನು ಜೋಡಿಸುವರು.
3. ಮುದ್ರಣ ನಿಂತಾಗ ದೋಷವು ಯಾವ ಹಂತದಲ್ಲಿದೆಯೆಂದು ಕ್ರಮವಾಗಿ ಗುರುತಿಸುವರು.
4. ಕನ್ನಡ ಅಕ್ಷರಗಳು ಕೆಡುವ ಕಾರಣವನ್ನು ಪ್ರಿಂಟರಿನ ದೋಷದಿಂದ ಪ್ರತ್ಯೇಕಿಸಿ ನೋಡುವರು.

ಸೂಚನೆ: ಈ ಘಟಕದಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆದೇಶ ಮತ್ತು ವಿಳಾಸಗಳನ್ನು ಗಣಕಯಂತ್ರದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

1. ಮುಕ್ತ ತಂತ್ರಾಂಶ ಮತ್ತು ಪ್ರಿಂಟರ್

ಮುಕ್ತ ತಂತ್ರಾಂಶದ ಚಳವಳಿಗೂ ಪ್ರಿಂಟರಿಗೂ ಹಳೆಯ ನಂಟಿದೆ. ಅಮೆರಿಕದ ಎಂಐಟಿ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ಅವರು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸಂದೇಶ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಿದ್ದರು. ಬಳಿಕ ಬಂದ ಹೊಸ ಜೆರಾಕ್ಸ್ ಲೇಸರ್ ಪ್ರಿಂಟರಿನ ತಂತ್ರಾಂಶದ ಮೂಲವು ಅವರಿಗೆ ದೊರೆಯಲಿಲ್ಲ. ಆದ್ದರಿಂದ ಅದೇ ಅನುಕೂಲವನ್ನು ಅದರಲ್ಲಿ ಸೇರಿಸಲಾಗಲಿಲ್ಲ. ಬಳಸುವವನಿಗೆ ತನ್ನ ಯಂತ್ರವನ್ನು ಸರಿಪಡಿಸಿಕೊಳ್ಳುವ ಸ್ವಾತಂತ್ರ್ಯ ಇರಬೇಕೆಂಬ ಅವರ ವಿಚಾರ ಗಟ್ಟಿಯಾಗಲು ಈ ಅನುಭವವೂ ಒಂದು ಕಾರಣವಾಯಿತು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರ ಲಿನಕ್ಸ್ ತಿರುಳು ಬಂದಿತು. ಇವೆರಡೂ ಕೂಡಿ ಇಂದಿನ ಉಬುಂಟು, ಡೆಬಿಯನ್, ಫೆಡೋರಾ ಮೊದಲಾದ ವ್ಯವಸ್ಥೆಗಳು ರೂಪುಗೊಂಡಿವೆ. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ ‘ಬಾಸ್’ ಎಂಬ ವ್ಯವಸ್ಥೆಯನ್ನು ರೂಪಿಸಿದೆ. ಕೇರಳದ ಶಾಲೆಗಳು ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಉಬುಂಟು ಆಧಾರಿತ ವ್ಯವಸ್ಥೆಯನ್ನು ಬಳಸುತ್ತಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಅವುಗಳಲ್ಲಿ ಸೇರಿವೆ.

ಈ ಎಲ್ಲ ವ್ಯವಸ್ಥೆಗಳಲ್ಲಿಯೂ ಮುದ್ರಣದ ಹೊಣೆ ಹೊತ್ತಿರುವುದು ‘ಕಪ್ಸ್’ ಎಂಬ ತಂತ್ರಾಂಶ. ಮೈಕೆಲ್ ಸ್ವೀಟ್ ಅವರು ರಚಿಸಿದ ಇದು ಮೊದಲು 1999ರಲ್ಲಿ ಬಿಡುಗಡೆಯಾಯಿತು. ಆ್ಯಪಲ್ ಸಂಸ್ಥೆಯ ಗಣಕಯಂತ್ರಗಳೂ ಇದನ್ನೇ ಬಳಸುತ್ತವೆ. ಆದ್ದರಿಂದ ಕಪ್ಸ್‌ನ ಕಾರ್ಯವಿಧಾನವನ್ನು ಒಮ್ಮೆ ಅರಿತರೆ ಯಾವ ಬಗೆಯ ಲಿನಕ್ಸ್ ಇದ್ದರೂ ದಾರಿ ತಪ್ಪುವುದಿಲ್ಲ.

2. ಅಕ್ಷರವು ಕಾಗದಕ್ಕೆ ಬರುವ ದಾರಿ

ಜಹೀರಾಬಾದಿನಿಂದ ಒಂದು ಕಾಗದವನ್ನು ಅಂಚೆಗೆ ಹಾಕಿದರೆ ಅದು ಅಂಚೆಪೆಟ್ಟಿಗೆ, ಕಚೇರಿ, ವಾಹನ, ಅಂಚೆಯಣ್ಣ ಎಂಬ ಕ್ರಮದಲ್ಲಿ ಸಾಗಿ ಮನೆ ಮುಟ್ಟುತ್ತದೆ. ಕಾಗದ ತಲುಪದಿದ್ದಾಗ ಎಲ್ಲಿಯವರೆಗೆ ಬಂದಿತ್ತು ಎಂದು ಮೊದಲು ವಿಚಾರಿಸುತ್ತೇವೆ. ಮುದ್ರಣದ ಕಾರ್ಯವೂ ಇದೇ ರೀತಿ ನಾಲ್ಕು ನಿಲ್ದಾಣಗಳನ್ನು ದಾಟುತ್ತದೆ.

ಮೊದಲನೆಯದು ಕಡತ. ಲಿಬ್ರೆಆಫೀಸಿನಂತಹ ತಂತ್ರಾಂಶವು ಪುಟವನ್ನು ಫಾಂಟಿನ ಸಹಾಯದಿಂದ ಚಿತ್ರಿಸಿ, ಸಾಮಾನ್ಯವಾಗಿ ಪಿಡಿಎಫ್ ರೂಪದಲ್ಲಿ ಮುಂದಕ್ಕೆ ಕಳುಹಿಸುತ್ತದೆ. ಎರಡನೆಯದು ಸರತಿ. ಕಪ್ಸ್ ಆ ಪುಟವನ್ನು ಪಡೆದು, ತನ್ನ ಸಾಲಿನಲ್ಲಿ ನಿಲ್ಲಿಸಿ, ಪ್ರಿಂಟರಿಗೆ ತಿಳಿಯುವ ಭಾಷೆಗೆ ಪರಿವರ್ತಿಸುತ್ತದೆ. ಈ ಪರಿವರ್ತನೆಯ ನಿಯಮಗಳೇ ಚಾಲಕ ತಂತ್ರಾಂಶ, ಅರ್ಥಾತ್ ಡ್ರೈವರ್. ಮೂರನೆಯದು ಜಾಲ. ಪುಟವು ತಂತಿ ಅಥವಾ ವೈಫೈ ಮೂಲಕ ರೂಟರನ್ನು ಹಾದು ಪ್ರಿಂಟರಿನ ವಿಳಾಸಕ್ಕೆ ಹೋಗುತ್ತದೆ. ನಾಲ್ಕನೆಯದು ಪ್ರಿಂಟರ್. ಅಲ್ಲಿ ಕಾಗದ, ಶಾಯಿ ಅಥವಾ ಟೋನರ್ ಸಿದ್ಧವಿರಬೇಕು.

ದೋಷ ಪರಿಹಾರದ ಮೂಲ ಸೂತ್ರ ಇಲ್ಲಿಂದಲೇ ಹೊರಡುತ್ತದೆ: ಯಾವ ನಿಲ್ದಾಣದವರೆಗೆ ಎಲ್ಲವೂ ಸರಿಯಿದೆಯೆಂದು ಖಚಿತಪಡಿಸಿಕೊಳ್ಳದೆ ಯಾವುದನ್ನೂ ಬದಲಿಸಬಾರದು, ಬದಲಿಸಿದರೆ ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ ಪರೀಕ್ಷಿಸಬೇಕು. ಪ್ರಿಂಟರನ್ನು ಅಳಿಸಿ ಮತ್ತೆ ಸೇರಿಸುವುದು, ಫಾಂಟ್ ಬದಲಿಸುವುದು, ರೂಟರ್ ಆರಿಸುವುದು ಇವೆಲ್ಲವನ್ನೂ ಒಟ್ಟಿಗೆ ಮಾಡಿದಾಗ, ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ಪರೀಕ್ಷೆಯ ದಿನ ಅದೇ ತೊಡಕು ಮತ್ತೆ ಎದುರಾಗುತ್ತದೆ.

3. ಜೋಡಣೆಯ ಕ್ರಮ

ಉಬುಂಟುವಿನಲ್ಲಿ ‘ಸೆಟ್ಟಿಂಗ್ಸ್’ ತೆರೆದು ‘ಪ್ರಿಂಟರ್ಸ್’ ಭಾಗಕ್ಕೆ ಹೋಗಿ, ‘ಅನ್‌ಲಾಕ್’ ಒತ್ತಿ ಗುಪ್ತಪದ ನೀಡಿ, ‘ಆ್ಯಡ್ ಪ್ರಿಂಟರ್’ ಆರಿಸಬೇಕು. ಒಂದೇ ಜಾಲದಲ್ಲಿರುವ ಪ್ರಿಂಟರುಗಳ ಹೆಸರು ಪಟ್ಟಿಯಲ್ಲಿ ಕಾಣಿಸುತ್ತದೆ. ಹೆಸರು ಕಾಣದಿದ್ದರೆ ಪ್ರಿಂಟರಿನ ಜಾಲ ವಿಳಾಸವನ್ನೇ ಹುಡುಕುವ ಪೆಟ್ಟಿಗೆಯಲ್ಲಿ ಬರೆಯಬಹುದು.

ಎರಡನೆಯ ಮಾರ್ಗವು ಎಲ್ಲ ಲಿನಕ್ಸ್‌ಗಳಿಗೂ ಸಮಾನ. ಬ್ರೌಸರ್ ತೆರೆದು ‘ಲೋಕಲ್‌ಹೋಸ್ಟ್:631’ ಎಂದು ಬರೆದರೆ ಕಪ್ಸ್‌ನ ಪುಟ ತೆರೆಯುತ್ತದೆ. ಇದಕ್ಕೆ ಅಂತರ್ಜಾಲ ಸಂಪರ್ಕ ಬೇಕಿಲ್ಲ. ಪುಟವು ಅದೇ ಗಣಕಯಂತ್ರದೊಳಗೆ ಇರುತ್ತದೆ. ‘ಅಡ್ಮಿನಿಸ್ಟ್ರೇಷನ್’ ಭಾಗದಲ್ಲಿ ‘ಆ್ಯಡ್ ಪ್ರಿಂಟರ್’ ಒತ್ತಿ ಮುಂದುವರಿಯಬೇಕು. ಇಲ್ಲಿ ಬಳಕೆದಾರರ ಹೆಸರು ಮತ್ತು ಗುಪ್ತಪದ ಕೇಳಿ, ಸರಿಯಾಗಿ ಕೊಟ್ಟರೂ ನಿರಾಕರಿಸಿದರೆ, ಆ ಬಳಕೆದಾರರಿಗೆ ಪ್ರಿಂಟರ್ ಸೇರಿಸುವ ಅಧಿಕಾರ ಇಲ್ಲವೆಂದು ಅರ್ಥ. ಉಬುಂಟು ಮತ್ತು ಡೆಬಿಯನ್ ಬಗೆಗಳಲ್ಲಿ ಈ ಅಧಿಕಾರವು ‘ಎಲ್‌ಪಿಅಡ್ಮಿನ್’ ಎಂಬ ಗುಂಪಿನ ಸದಸ್ಯರಿಗೆ ಇರುತ್ತದೆ. ಗಣಕಯಂತ್ರವನ್ನು ಮೊದಲು ಸಿದ್ಧಪಡಿಸಿದವರ ಖಾತೆಯಿಂದ ಪ್ರವೇಶಿಸಿ ಜೋಡಣೆ ಮಾಡುವುದು ಸುಲಭ.

ಜೋಡಣೆಯ ವೇಳೆ ಸಂಪರ್ಕದ ಬಗೆಯನ್ನು ಆರಿಸಬೇಕಾಗುತ್ತದೆ. ಐಪಿಪಿ ಎಂಬ ವಿಧಾನವು 631ನೆಯ ದ್ವಾರವನ್ನು ಬಳಸುತ್ತದೆ. ಹೊಸ ಪ್ರಿಂಟರುಗಳಿಗೆ ಇದೇ ಉತ್ತಮ. ಜೆಟ್‌ಡೈರೆಕ್ಟ್ ಅಥವಾ ಸಾಕೆಟ್ ಎಂಬ ವಿಧಾನವು 9100ನೆಯ ದ್ವಾರವನ್ನೂ ಎಲ್‌ಪಿಡಿ ಎಂಬ ಹಳೆಯ ವಿಧಾನವು 515ನೆಯ ದ್ವಾರವನ್ನೂ ಬಳಸುತ್ತವೆ. ಐಪಿಪಿ ಫಲಿಸದ ಹಳೆಯ ಪ್ರಿಂಟರಿಗೆ ಸಾಕೆಟ್ ವಿಧಾನವನ್ನು ಪ್ರಯತ್ನಿಸಬೇಕು.

ಚಾಲಕ ತಂತ್ರಾಂಶದ ಆಯ್ಕೆಯಲ್ಲಿ ‘ಐಪಿಪಿ ಎವ್ರಿವೇರ್’ ಅಥವಾ ‘ಡ್ರೈವರ್‌ಲೆಸ್’ ಎಂಬುದು ಕಂಡರೆ ಅದನ್ನೇ ಮೊದಲು ಆರಿಸಬೇಕು. ಪೆಟ್ಟಿಗೆಯ ಮೇಲೆ ‘ಏರ್‌ಪ್ರಿಂಟ್’ ಎಂದು ನಮೂದಿಸಿರುವ ಪ್ರಿಂಟರುಗಳು ಸಾಮಾನ್ಯವಾಗಿ ಪ್ರತ್ಯೇಕ ಚಾಲಕವಿಲ್ಲದೆ ಕೆಲಸ ಮಾಡುತ್ತವೆ. ಶಾಲೆಗೆ ಹೊಸ ಪ್ರಿಂಟರ್ ಕೊಳ್ಳುವಾಗ ಈ ಗುರುತನ್ನು ನೋಡಿ ಕೊಳ್ಳುವುದು ಮುಂದಿನ ಎಷ್ಟೋ ತೊಂದರೆಗಳನ್ನು ತಪ್ಪಿಸುತ್ತದೆ. ಎಚ್‌ಪಿ ಪ್ರಿಂಟರುಗಳಿಗೆ ‘ಎಚ್‌ಪಿಲಿಪ್’ ಎಂಬ ತಂತ್ರಾಂಶವಿದೆ. ಅದರ ಕೆಲವು ಮಾದರಿಗಳಿಗೆ ‘ಪ್ಲಗಿನ್’ ಎಂಬ ಹೆಚ್ಚುವರಿ ಭಾಗವನ್ನು ಅಂತರ್ಜಾಲದಿಂದ ಒಮ್ಮೆ ಇಳಿಸಿಕೊಳ್ಳಬೇಕಾಗುತ್ತದೆ.

4. ದೋಷ ಹುಡುಕುವ ಕ್ರಮ

ಕಡತದಿಂದ ಹೊರಟ ಪುಟ ಕೊನೆಗೆ ಸೇರುವುದು ಪ್ರಿಂಟರಿಗೆ. ಹುಡುಕುವಾಗ ಕೊನೆಯ ನಿಲ್ದಾಣದಿಂದ ಹಿಂದಕ್ಕೆ ಬರುವುದು ಸುಲಭ. ಏಕೆಂದರೆ ಪ್ರಿಂಟರ್ ಕಣ್ಣೆದುರಿಗೇ ಇರುತ್ತದೆ.

ಅ) ಪ್ರಿಂಟರ್

ಹೆಚ್ಚಿನ ಪ್ರಿಂಟರುಗಳು ತಮ್ಮದೇ ಗುಂಡಿಗಳಿಂದ ಒಂದು ಮಾಹಿತಿ ಪುಟವನ್ನು ಮುದ್ರಿಸಬಲ್ಲವು. ಗಣಕಯಂತ್ರದ ನೆರವಿಲ್ಲದೆ ಆ ಪುಟ ಸ್ಪಷ್ಟವಾಗಿ ಬಂದರೆ ಕಾಗದ, ಟೋನರ್ ಮತ್ತು ಯಂತ್ರದ ಭಾಗಗಳು ಸರಿಯಾಗಿವೆಯೆಂದು ತಿಳಿಯಬೇಕು. ಆ ಪುಟದಲ್ಲಿಯೇ ಪ್ರಿಂಟರಿನ ಜಾಲ ವಿಳಾಸವೂ ಅಚ್ಚಾಗಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಬೇಕು; ಮುಂದಿನ ಪರೀಕ್ಷೆಗಳಿಗೆಲ್ಲ ಅದೇ ಆಧಾರ. ವಿಳಾಸವು 169.254 ಎಂದು ಆರಂಭವಾದರೆ, ಪ್ರಿಂಟರಿಗೆ ರೂಟರಿನಿಂದ ವಿಳಾಸ ದೊರೆತಿಲ್ಲ. ಆಗ ತಂತಿಯನ್ನು ಅಥವಾ ವೈಫೈ ಗುಪ್ತಪದವನ್ನು ಪರಿಶೀಲಿಸಬೇಕು. ಅನೇಕ ಪ್ರಿಂಟರುಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಆ) ಜಾಲ

ಗಣಕಯಂತ್ರದ ಬ್ರೌಸರಿನಲ್ಲಿ ಪ್ರಿಂಟರಿನ ವಿಳಾಸವನ್ನು, ಉದಾಹರಣೆಗೆ 192.168.1.7 ಎಂದು, ಬರೆದು ನೋಡಬೇಕು. ಹೆಚ್ಚಿನ ಜಾಲ ಪ್ರಿಂಟರುಗಳು ತಮ್ಮದೊಂದು ಪುಟವನ್ನು ತೋರಿಸುತ್ತವೆ. ಟರ್ಮಿನಲ್ ತೆರೆದು ‘ಪಿ-ಐ-ಎನ್-ಜಿ’ ಎಂಬ ನಾಲ್ಕು ಅಕ್ಷರಗಳ ಆದೇಶ ಮತ್ತು ಒಂದು ಜಾಗ ಬಿಟ್ಟು ವಿಳಾಸವನ್ನು ಕೊಟ್ಟರೂ ಪ್ರಿಂಟರ್ ಓಗೊಡುತ್ತದೆಯೇ ಎಂಬುದು ಗೊತ್ತಾಗುತ್ತದೆ.

ಉತ್ತರ ಬರದಿದ್ದರೆ ಎರಡೂ ಯಂತ್ರಗಳು ಒಂದೇ ಜಾಲದಲ್ಲಿ ಇಲ್ಲದಿರಬಹುದು. ಶಾಲೆಯ ಸಂಪರ್ಕ ನಿಧಾನವೆಂದು ಗಣಕಯಂತ್ರವನ್ನು ಯಾರದೋ ಮೊಬೈಲಿನ ಹಾಟ್‌ಸ್ಪಾಟಿಗೆ ಸೇರಿಸಿರುತ್ತಾರೆ. ಪ್ರಿಂಟರ್ ಶಾಲೆಯ ರೂಟರಿನಲ್ಲಿಯೇ ಇರುತ್ತದೆ. ಸಾಮಾನ್ಯ ಶಾಲಾ ರೂಟರಿನಲ್ಲಿ ಎರಡೂ ಯಂತ್ರಗಳ ವಿಳಾಸದ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರಬೇಕು. ರೂಟರಿನ ‘ಗೆಸ್ಟ್’ ಜಾಲಕ್ಕೆ ಸೇರಿದ ಯಂತ್ರಗಳು ಸಾಮಾನ್ಯವಾಗಿ ಒಂದನ್ನೊಂದು ಕಾಣಲಾರವು ಎಂಬುದೂ ಗಮನಾರ್ಹ.

ವಿಳಾಸಕ್ಕೆ ಉತ್ತರ ಬಂದರೂ ಜೋಡಣೆಯ ಪಟ್ಟಿಯಲ್ಲಿ ಪ್ರಿಂಟರಿನ ಹೆಸರು ಕಾಣದಿದ್ದರೆ, ಹೆಸರನ್ನು ಸಾರುವ ಸಂದೇಶಗಳನ್ನು ಫೈರ್‌ವಾಲ್ ತಡೆಯುತ್ತಿರಬಹುದು. ಆ ಸಂದೇಶಗಳು 5353ನೆಯ ದ್ವಾರವನ್ನು ಬಳಸುತ್ತವೆ. ಇಂತಹ ಸ್ಥಿತಿಯಲ್ಲಿ ವಿಳಾಸವನ್ನು ನೇರವಾಗಿ ಬರೆದು ಜೋಡಿಸಿದರೆ ಸಾಕಾಗುತ್ತದೆ.

ನಿನ್ನೆ ಮುದ್ರಿಸಿದ ಪ್ರಿಂಟರ್ ಇಂದು ಮುದ್ರಿಸುವುದಿಲ್ಲವೆಂಬ ದೂರಿಗೆ ಬಹುತೇಕ ವಿಳಾಸದ ಬದಲಾವಣೆಯೇ ಕಾರಣ. ರೂಟರ್ ತನಗೆ ಸೇರಿದ ಯಂತ್ರಗಳಿಗೆ ವಿಳಾಸವನ್ನು ತಾತ್ಕಾಲಿಕವಾಗಿ ಹಂಚುತ್ತದೆ. ರಾತ್ರಿ ವಿದ್ಯುತ್ ಹೋಗಿ ಬಂದಾಗ ಪ್ರಿಂಟರಿಗೆ ಬೇರೆ ವಿಳಾಸ ಸಿಗಬಹುದು. ಕಪ್ಸ್ ಹಳೆಯ ವಿಳಾಸಕ್ಕೇ ಪುಟಗಳನ್ನು ಕಳುಹಿಸುತ್ತಿರುತ್ತದೆ. ಶಾಶ್ವತ ಪರಿಹಾರವೆಂದರೆ ರೂಟರಿನ ಪುಟದಲ್ಲಿ ‘ಅಡ್ರೆಸ್ ರಿಸರ್ವೇಷನ್’ ಎಂಬಲ್ಲಿ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸುವುದು. ಇದಕ್ಕೆ ಬೇಕಾದ ‘ಮ್ಯಾಕ್’ ಸಂಖ್ಯೆಯು ಪ್ರಿಂಟರಿನ ಮಾಹಿತಿ ಪುಟದಲ್ಲಿ ಇರುತ್ತದೆ.

ಇ) ಸರತಿ ಮತ್ತು ಚಾಲಕ

ಜಾಲ ಸರಿಯಿದ್ದರೆ ಸರತಿಯನ್ನು ನೋಡಬೇಕು. ಕಪ್ಸ್ ಪುಟದ ‘ಪ್ರಿಂಟರ್ಸ್’ ಭಾಗದಲ್ಲಿ ಪ್ರಿಂಟರಿನ ಸ್ಥಿತಿ ‘ಪಾಸ್ಡ್’ ಎಂದಿದ್ದರೆ ಅದು ತಡೆಹಿಡಿಯಲ್ಪಟ್ಟಿದೆ. ಒಮ್ಮೆ ಸಂಪರ್ಕ ತಪ್ಪಿದಾಗ ಕಪ್ಸ್ ತಾನೇ ಸರತಿಯನ್ನು ನಿಲ್ಲಿಸಿ, ಸಂಪರ್ಕ ಮರಳಿದರೂ ಹಾಗೆಯೇ ಬಿಟ್ಟಿರಬಹುದು. ‘ಮೆಂಟೆನೆನ್ಸ್’ ಪಟ್ಟಿಯಿಂದ ‘ರೆಸ್ಯೂಮ್ ಪ್ರಿಂಟರ್’ ಆರಿಸಿದರೆ ಸಾಲು ಮತ್ತೆ ಚಲಿಸುತ್ತದೆ. ಅದಕ್ಕೆ ಮುಂಚೆ ಬೇಡವಾದ ಕಾರ್ಯಗಳನ್ನು ರದ್ದುಮಾಡುವುದನ್ನು ಮರೆಯಬಾರದು.

ಪುಟ ಬಂದರೂ ಅದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ಒಂದೆರಡು ಸಾಲು ಮಾತ್ರ ಇದ್ದು, ಹಾಳೆಯ ಮೇಲೆ ಹಾಳೆ ಹೊರಬರುತ್ತಿದ್ದರೆ ಚಾಲಕ ತಪ್ಪಾಗಿದೆ. ಪ್ರಿಂಟರಿಗೆ ತಿಳಿಯದ ಭಾಷೆಯಲ್ಲಿ ಪುಟ ಹೋಗುತ್ತಿದೆ. ಕೂಡಲೇ ಕಾರ್ಯವನ್ನು ರದ್ದುಮಾಡಿ, ಸರಿಯಾದ ಮಾದರಿಯ ಚಾಲಕವನ್ನು ಆರಿಸಬೇಕು.

ಪುಟದ ಕೊನೆಯ ಸಾಲುಗಳು ಕತ್ತರಿಸಿ ಹೋಗುತ್ತಿದ್ದರೆ ಕಾಗದದ ಅಳತೆಯನ್ನು ನೋಡಬೇಕು. ಅಮೆರಿಕದ ‘ಲೆಟರ್’ ಹಾಳೆ 216 ಮಿಮೀ ಅಗಲ, 279 ಮಿಮೀ ಉದ್ದವಿರುತ್ತದೆ. ಇಲ್ಲಿ ಬಳಕೆಯಲ್ಲಿರುವ ಎ4 ಹಾಳೆ 210 ಮಿಮೀ ಅಗಲ, 297 ಮಿಮೀ ಉದ್ದ. ಸರತಿಯ ಅಳತೆ ‘ಲೆಟರ್’ ಎಂದಿದ್ದರೆ ಎ4ಗೆಂದು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯ ಕೊನೆಯ ಪ್ರಶ್ನೆ ಮಾಯವಾಗಬಹುದು. ಗಣಕಯಂತ್ರದ ಪರದೆಯಲ್ಲಿ ಇದು ಕಾಣುವುದಿಲ್ಲವಾದ್ದರಿಂದ ಮೊದಲ ಪ್ರತಿಯನ್ನು ಕಣ್ಣಾರೆ ಓದಿದ ಮೇಲೆಯೇ ಉಳಿದ ಪ್ರತಿಗಳನ್ನು ತೆಗೆಯಬೇಕು.

ಈ) ಕಡತ ಮತ್ತು ಕನ್ನಡ ಅಕ್ಷರ

ಕಪ್ಸ್‌ನ ‘ಪ್ರಿಂಟ್ ಟೆಸ್ಟ್ ಪೇಜ್’ ಸರಿಯಾಗಿ ಬಂದು, ಕನ್ನಡದ ಪುಟ ಮಾತ್ರ ಕೆಟ್ಟುಬಂದರೆ ಪ್ರಿಂಟರನ್ನು ದೂರಬಾರದು. ಮೂರು ಬಗೆಯ ತೊಂದರೆಗಳನ್ನು ಇಲ್ಲಿ ಪ್ರತ್ಯೇಕಿಸಬೇಕು.

ಒಂದನೆಯದು ಚೌಕಗಳು. ಯುನಿಕೋಡ್ ಸಂಕೇತದಲ್ಲಿ ತೆಲುಗಿಗೂ ಕನ್ನಡಕ್ಕೂ ತಲಾ 128 ಸ್ಥಾನಗಳ ಎರಡು ಮನೆಗಳು ಅಕ್ಕಪಕ್ಕದಲ್ಲಿವೆ. ಕಣ್ಣಿಗೆ ಎರಡೂ ಲಿಪಿಗಳು ಅಕ್ಕತಂಗಿಯರಂತೆ ಕಂಡರೂ ಗಣಕಯಂತ್ರಕ್ಕೆ ಅವು ಬೇರೆ ಬೇರೆ. ತೆಲುಗು ಫಾಂಟ್ ಮಾತ್ರ ಇರುವ ಯಂತ್ರದಲ್ಲಿ ತೆಲುಗು ಸರಿಯಾಗಿಯೂ ಕನ್ನಡ ಚೌಕಗಳಾಗಿಯೂ ಕಾಣುವುದು ಇದೇ ಕಾರಣದಿಂದ. ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಒಂದೇ ಪ್ಯಾಕೇಜ್ ಅಳವಡಿಸಿದರೆ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳು ಉಚಿತವಾಗಿ ದೊರೆಯುತ್ತವೆ. ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎಂಬುವೂ ಮುಕ್ತವಾಗಿ ಲಭ್ಯವಿವೆ.

ಎರಡನೆಯದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಇರಿಸಲಾಗಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಒಳಗಿರುವ ರೋಮನ್ ಅಕ್ಷರಗಳೇ ಕಾಣುತ್ತವೆ. ಇಂತಹ ಕಡತಗಳನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ಬದಲಿಸಿ ಇಟ್ಟುಕೊಳ್ಳುವುದು ಶಾಶ್ವತ ಪರಿಹಾರ. ಪರಿವರ್ತನೆಯ ನಂತರ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಓದಿ ತಿದ್ದಬೇಕು.

ಮೂರನೆಯದು ಒತ್ತಕ್ಷರಗಳು ಒಡೆಯುವುದು. ‘ರಾಷ್ಟ್ರ’ ಎಂಬಲ್ಲಿ ಒತ್ತುಗಳು ಷಕಾರದ ಅಡಿಗೆ ಬರದೆ ಅರ್ಧಾಕ್ಷರಗಳು ಸಾಲಾಗಿ ನಿಂತರೆ, ತಂತ್ರಾಂಶಕ್ಕೆ ಅಕ್ಷರ ಕೂಡಿಸುವ ನಿಯಮಗಳು ತಿಳಿದಿಲ್ಲವೆಂದು ಅರ್ಥ. ಇಂದಿನ ಲಿಬ್ರೆಆಫೀಸಿನಲ್ಲಿ ಈ ಕೆಲಸವನ್ನು ‘ಹಾರ್ಫ್‌ಬಝ್’ ಎಂಬ ಮುಕ್ತ ತಂತ್ರಾಂಶ ನಿರ್ವಹಿಸುತ್ತದೆ. ಆದ್ದರಿಂದ ಹಳೆಯ ಆವೃತ್ತಿಯನ್ನು ನವೀಕರಿಸಬೇಕು.

ಈ ಮೂರನ್ನೂ ಪತ್ತೆಹಚ್ಚಲು ಸರಳವಾದ ಉಪಾಯ ಪಿಡಿಎಫ್. ಕಡತವನ್ನು ಪಿಡಿಎಫ್ ಆಗಿ ಉಳಿಸಿ ತೆರೆದು ನೋಡಬೇಕು. ಪಿಡಿಎಫ್‌ನಲ್ಲಿಯೇ ಅಕ್ಷರ ಕೆಟ್ಟಿದ್ದರೆ ದೋಷ ಫಾಂಟಿನದು ಅಥವಾ ಕಡತದ್ದು. ಪಿಡಿಎಫ್ ಸರಿಯಿದ್ದು ಕಾಗದದಲ್ಲಿ ಕೆಟ್ಟರೆ ದೋಷ ಚಾಲಕ ಅಥವಾ ಪ್ರಿಂಟರಿನದು. ಆಗ ಪುಟವನ್ನು ಚಿತ್ರವಾಗಿ ಬದಲಿಸಿ ಮುದ್ರಿಸಿದರೆ ತಾತ್ಕಾಲಿಕವಾಗಿ ಕೆಲಸ ನಡೆಯುತ್ತದೆ. ಫಾಂಟ್ ಅಡಕವಾಗಿರುವ ಪಿಡಿಎಫ್ ಒಯ್ದರೆ ಕನ್ನಡ ಫಾಂಟ್ ಇಲ್ಲದ ಪೇಟೆಯ ಅಂಗಡಿಯಲ್ಲಿಯೂ ಕನ್ನಡ ಸರಿಯಾಗಿಯೇ ಅಚ್ಚಾಗುತ್ತದೆ. ತುರ್ತಿನಲ್ಲಿ ಇದೊಂದು ದೊಡ್ಡ ಆಸರೆ.

ಕನ್ನಡದ ಪರೀಕ್ಷಾ ಪುಟ: ಪ್ರತಿ ಶಾಲೆಯೂ ಈ ಪದಗಳ ಒಂದು ಪುಟವನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕು: ರಾಷ್ಟ್ರ, ಸ್ತ್ರೀ, ಶಾಸ್ತ್ರ, ವೈಶಿಷ್ಟ್ಯ, ಲಕ್ಷ್ಮಿ, ಜ್ಞಾನ, ಅರ್ಥ, ಹೃದಯ, ಕೃಷಿ, ದುಃಖ, ಸಂಖ್ಯೆ, ೦೧೨೩೪೫೬೭೮೯. ಒತ್ತಿನ ಮೇಲೆ ಒತ್ತು, ಅರ್ಕಾವತ್ತು, ವಟ್ರಸುಳಿ, ವಿಸರ್ಗ, ಅನುಸ್ವಾರ, ಕನ್ನಡ ಅಂಕಿ ಎಲ್ಲವೂ ಇದರಲ್ಲಿ ಪರೀಕ್ಷೆಗೆ ಒಳಪಡುತ್ತವೆ.

5. ಒಂದು ಕಲ್ಪಿತ ಪ್ರಸಂಗ

ತಾಂಡೂರು ಭಾಗದ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ 40 ಮಕ್ಕಳಿಗೆ ಬೆಳಿಗ್ಗೆ 11 ಗಂಟೆಗೆ ಗಣಿತದ ಕಿರುಪರೀಕ್ಷೆ ಇದೆಯೆಂದು ಭಾವಿಸೋಣ. ಹಿಂದಿನ ರಾತ್ರಿ ವಿದ್ಯುತ್ ಹೋಗಿ ಬಂದಿದೆ. ಹತ್ತು ಗಂಟೆಗೆ ಶಿಕ್ಷಕಿಯು 40 ಪ್ರತಿಗಳಿಗೆ ಆದೇಶ ನೀಡುತ್ತಾರೆ. ಏನೂ ಬರುವುದಿಲ್ಲ. ಇನ್ನೂ ನಾಲ್ಕು ಸಲ ಒತ್ತುತ್ತಾರೆ. ಆಗ ಸಹೋದ್ಯೋಗಿಯೊಬ್ಬರು, “ಮೇಡಂ, ಇನ್ನೊಮ್ಮೆ ಒತ್ತಬೇಡಿರಿ, ಮೊದಲು ಅದರ ವಿಳಾಸ ನೋಡೋಣ” ಎನ್ನುತ್ತಾರೆ.

ಪ್ರಿಂಟರಿನ ಮಾಹಿತಿ ಪುಟ ಚೆನ್ನಾಗಿ ಬರುತ್ತದೆ; ಯಂತ್ರ ಸರಿಯಿದೆ. ಅದರಲ್ಲಿ ವಿಳಾಸ 192.168.1.7 ಎಂದಿದೆ. ಬ್ರೌಸರಿನಲ್ಲಿ ಆ ವಿಳಾಸ ತೆರೆಯುತ್ತದೆ, ಜಾಲವೂ ಸರಿಯಿದೆ. ಕಪ್ಸ್‌ನ ಸರತಿಯಲ್ಲಿ ಮಾತ್ರ 192.168.1.4 ಎಂದಿದೆ. ದೋಷ ಸಿಕ್ಕಿತು. ಆದರೆ ವಿಳಾಸವನ್ನು ತಿದ್ದಿದ ಕೂಡಲೇ ಸಾಲಿನಲ್ಲಿ ನಿಂತಿರುವ ಐದು ಆದೇಶಗಳೂ ನೆರವೇರಿ 200 ಹಾಳೆಗಳು ಹೊರಬರುತ್ತವೆ. ಆದ್ದರಿಂದ ಮೊದಲು ನಾಲ್ಕು ಆದೇಶಗಳನ್ನು ರದ್ದುಮಾಡಿ, ಉಳಿದ ಒಂದನ್ನು ತಡೆದಿಟ್ಟು, ವಿಳಾಸ ತಿದ್ದಿ, ಒಂದು ಪ್ರತಿಯನ್ನು ತೆಗೆದು ಓದಿ, ಅನಂತರ ಉಳಿದುದನ್ನು ಬಿಡಬೇಕು. ಅಂದೇ ಸಂಜೆ ರೂಟರಿನಲ್ಲಿ ಪ್ರಿಂಟರಿನ ವಿಳಾಸವನ್ನು ಕಾಯ್ದಿರಿಸಿದರೆ ಈ ಪ್ರಸಂಗ ಮರುಕಳಿಸುವುದಿಲ್ಲ.

6. ಪ್ರಶ್ನೆಪತ್ರಿಕೆಯ ಗೋಪ್ಯತೆ

ಜಾಲ ಪ್ರಿಂಟರಿಗೆ ಕಳುಹಿಸಿದ ಪುಟ ಮುದ್ರಣವಾದ ಕೂಡಲೇ ಅಳಿದುಹೋಗುತ್ತದೆಂದು ಭಾವಿಸಬಾರದು. ಕಪ್ಸ್ ತನ್ನ ಮೂಲ ಹೊಂದಾಣಿಕೆಯಲ್ಲಿ ಮುದ್ರಿತ ಕಡತವನ್ನು 86,400 ಸೆಕೆಂಡು, ಅಂದರೆ ಒಂದು ದಿನ, ಉಳಿಸಿಕೊಳ್ಳುತ್ತದೆ; ಆ ಅವಧಿಯಲ್ಲಿ ಅದನ್ನು ಮರುಮುದ್ರಿಸಲು ಸಾಧ್ಯ. ಗಣಕ ಕೊಠಡಿಯಲ್ಲಿ ಮಕ್ಕಳೂ ಬಳಸುವ ಯಂತ್ರವಾಗಿದ್ದರೆ ‘ಅಡ್ಮಿನಿಸ್ಟ್ರೇಷನ್’ ಭಾಗದ ‘ಎಡಿಟ್ ಕಾನ್ಫಿಗರೇಷನ್ ಫೈಲ್’ನಲ್ಲಿ ‘ಪ್ರಿಸರ್ವ್‌ಜಾಬ್‌ಫೈಲ್ಸ್’ ಎಂಬುದನ್ನು ‘ನೋ’ ಎಂದು ಬದಲಿಸಬೇಕು. ಸರತಿಯಲ್ಲಿ ಕಡತದ ಹೆಸರೂ ಕಾಣಿಸಬಹುದಾದ್ದರಿಂದ ಹೆಸರಿನಲ್ಲಿ ವಿಷಯ ಮತ್ತು ತರಗತಿಯನ್ನು ಬರೆಯದಿರುವುದು ಲೇಸು.

2024ರ ಸೆಪ್ಟೆಂಬರಿನಲ್ಲಿ ಕಪ್ಸ್‌ನ ಜೊತೆಗೆ ಬರುವ ಕೆಲವು ಭಾಗಗಳಲ್ಲಿ ಗಂಭೀರವಾದ ಭದ್ರತಾ ಲೋಪಗಳು ಬಹಿರಂಗವಾದವು. ಅವುಗಳಿಗೆ ತಿದ್ದುಪಡಿಗಳೂ ಬಿಡುಗಡೆಯಾದವು. ಗಣಕಯಂತ್ರವನ್ನು ಕಾಲಕಾಲಕ್ಕೆ ನವೀಕರಿಸುವುದು ಮತ್ತು ರೂಟರಿನಲ್ಲಿ 631ನೆಯ ದ್ವಾರವನ್ನು ಹೊರಗಿನ ಅಂತರ್ಜಾಲಕ್ಕೆ ತೆರೆಯದಿರುವುದು ಅವಶ್ಯಕ.

7. ತರಗತಿಯ ಚಟುವಟಿಕೆ

ಎಂಟರಿಂದ ಹತ್ತನೆಯ ತರಗತಿಯ ಮಕ್ಕಳನ್ನು ನಾಲ್ಕು ಗುಂಪುಗಳಾಗಿ ಮಾಡಬೇಕು. ಪ್ರತಿ ಗುಂಪೂ ಶಿಕ್ಷಕರ ಸಮ್ಮುಖದಲ್ಲಿ ಒಂದು ನಿಲ್ದಾಣದಲ್ಲಿ ಗುಟ್ಟಾಗಿ ಒಂದು ಸಣ್ಣ ದೋಷವನ್ನು ಉಂಟುಮಾಡುತ್ತದೆ: ಒಂದು ಗುಂಪು ಕಾಗದದ ತಟ್ಟೆಯನ್ನು ಖಾಲಿಮಾಡುತ್ತದೆ, ಇನ್ನೊಂದು ಜಾಲದ ತಂತಿಯನ್ನು ಕಳಚುತ್ತದೆ, ಮೂರನೆಯದು ಸರತಿಯನ್ನು ತಡೆಹಿಡಿಯುತ್ತದೆ, ನಾಲ್ಕನೆಯದು ಕಾಗದದ ಅಳತೆಯನ್ನು ‘ಲೆಟರ್’ ಎಂದು ಬದಲಿಸುತ್ತದೆ. ಉಳಿದ ಗುಂಪುಗಳು ಕ್ರಮವಾಗಿ ಪರೀಕ್ಷಿಸಿ, ಪ್ರತಿ ಹೆಜ್ಜೆಯಲ್ಲಿ ‘ಇಲ್ಲಿಯವರೆಗೆ ಸರಿಯಿದೆ’ ಎಂದು ಬರೆಯುತ್ತಾ ದೋಷವನ್ನು ಗುರುತಿಸಬೇಕು. ಊಹಿಸಿ ಹೇಳಿದ ಉತ್ತರಕ್ಕಿಂತ ಕಾರಣ ಸಹಿತವಾದ ಉತ್ತರಕ್ಕೆ ಹೆಚ್ಚು ಅಂಕ ನೀಡಬೇಕು. ವಿಜ್ಞಾನದ ಪ್ರಯೋಗದಲ್ಲಿ ಒಂದು ಅಂಶವನ್ನು ಬದಲಿಸಿ ಉಳಿದವನ್ನು ಸ್ಥಿರವಾಗಿಡುವ ವಿಧಾನಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಕೊನೆಯಲ್ಲಿ ಚರ್ಚಿಸಬೇಕು.

ಈ ಭಾಗದ ಮಕ್ಕಳು ತೆಲುಗನ್ನೂ ಬಲ್ಲವರು. ಕಾಗದ–ಕಾಗಿತಂ, ಸಾಲು–ವರುಸ ಎಂಬಂತೆ ಕನ್ನಡ, ತೆಲುಗು, ಇಂಗ್ಲಿಷ್ ಪದಗಳ ಪಟ್ಟಿಯನ್ನು ಅವರಿಂದಲೇ ಮಾಡಿಸಿ ಗಣಕ ಕೊಠಡಿಯ ಗೋಡೆಗೆ ಹಚ್ಚಬಹುದು.

8. ಪ್ರಿಂಟರಿನ ದಾಖಲೆ ಹಾಳೆ

ಕನ್ನಡ ಮಾಧ್ಯಮದ ಅನೇಕ ಶಾಲೆಗಳಲ್ಲಿ ಶಿಕ್ಷಕರ ಸಂಖ್ಯೆ ಕಡಿಮೆ. ಪ್ರಿಂಟರಿನ ವಿಷಯ ಬಲ್ಲ ಒಬ್ಬರು ವರ್ಗಾವಣೆಯಾದರೆ ಆ ತಿಳಿವಳಿಕೆಯೂ ಅವರೊಡನೆ ಹೊರಟುಹೋಗುತ್ತದೆ. ಇದನ್ನು ತಪ್ಪಿಸಲು ಪ್ರಿಂಟರಿನ ಪಕ್ಕದ ಗೋಡೆಗೆ ಒಂದು ಹಾಳೆಯನ್ನು ಅಂಟಿಸಬೇಕು. ಅದರ ಮೇಲ್ಭಾಗದಲ್ಲಿ ಪ್ರಿಂಟರಿನ ಮಾದರಿ, ಕಾಯ್ದಿರಿಸಿದ ವಿಳಾಸ, ಸಂಪರ್ಕದ ಬಗೆ, ಆರಿಸಿದ ಚಾಲಕ ಮತ್ತು ಬಳಸುವ ಕನ್ನಡ ಫಾಂಟ್ ಇರಬೇಕು. ಕೆಳಗೆ ದಿನಾಂಕ, ಕಂಡ ಲಕ್ಷಣ, ದೋಷವಿದ್ದ ನಿಲ್ದಾಣ, ಮಾಡಿದ ಪರಿಹಾರ ಎಂಬ ನಾಲ್ಕು ಅಂಕಣಗಳಿರಬೇಕು. ಗುಪ್ತಪದವನ್ನು ಮಾತ್ರ ಹಾಳೆಯಲ್ಲಿ ಬರೆಯದೆ ಮುಖ್ಯೋಪಾಧ್ಯಾಯರ ಬಳಿ ಇರಿಸಬೇಕು. ಹೊಸದಾಗಿ ಬಂದ ಶಿಕ್ಷಕರು ಈ ಹಾಳೆಯನ್ನು ಓದಿದರೆ ಸಾಕು, ಮೊದಲ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮಕ್ಕಳ ಕೈಗೆ ವೇಳೆಗೆ ಸರಿಯಾಗಿ, ಅವರ ಭಾಷೆಯಲ್ಲಿ, ಒಡೆಯದ ಅಕ್ಷರಗಳಲ್ಲಿ ಕೊಡಬಲ್ಲರು.

ಅಭ್ಯಾಸ

1. ಮುದ್ರಣದ ದಾರಿಯ ನಾಲ್ಕು ನಿಲ್ದಾಣಗಳನ್ನು ಹೆಸರಿಸಿ, ಪ್ರತಿಯೊಂದರಲ್ಲಿ ಸಂಭವಿಸಬಹುದಾದ ಒಂದೊಂದು ದೋಷವನ್ನು ಬರೆಯಿರಿ.
2. ಪ್ರಿಂಟರಿನ ಮಾಹಿತಿ ಪುಟದಲ್ಲಿ ವಿಳಾಸವು 169.254 ಎಂದು ಆರಂಭವಾಗಿದೆ. ಇದರ ಅರ್ಥವೇನು? ಮೊದಲು ಏನನ್ನು ಪರಿಶೀಲಿಸುವಿರಿ?
3. ತೆಲುಗು ಸರಿಯಾಗಿ ಅಚ್ಚಾಗುವ ಗಣಕಯಂತ್ರದಲ್ಲಿ ಕನ್ನಡ ಮಾತ್ರ ಚೌಕಗಳಾಗಿ ಬರುತ್ತಿದೆ. ಕಾರಣ ಮತ್ತು ಪರಿಹಾರವನ್ನು ತಿಳಿಸಿರಿ.
4. ಪಿಡಿಎಫ್ ಸರಿಯಾಗಿದ್ದು ಕಾಗದದಲ್ಲಿ ಒತ್ತಕ್ಷರ ಒಡೆದರೆ ದೋಷ ಯಾವ ನಿಲ್ದಾಣಗಳಲ್ಲಿ ಇರಬಹುದು? ಏಕೆ?
5. ನಿಮ್ಮ ಶಾಲೆಯ ಪ್ರಿಂಟರಿಗೆ ಒಂದು ದಾಖಲೆ ಹಾಳೆಯನ್ನು ಸಿದ್ಧಪಡಿಸಿ, ಮುಂದಿನ ಶಾಲಾ ಸಂಕೀರ್ಣ ಸಭೆಯಲ್ಲಿ ಸಹೋದ್ಯೋಗಿಗಳೊಡನೆ ಹಂಚಿಕೊಳ್ಳಿರಿ.